ಹದಿನೈದಕ್ಕೂ ಐವತ್ತಕ್ಕೂ ನಡುವೆ ಒಂದು ಸೆಡಾನ್

ಬೆಳಗಾವಿಯ ಉದ್ಯಮಬಾಗದಿಂದ ಖಾನಾಪುರದ ಕಡೆ ಹೊರಟರೆ ರಸ್ತೆಯ ಎರಡೂ ಬದಿ ಗ್ಯಾರೇಜುಗಳು ಸಿಗುತ್ತವೆ. ಅಲ್ಲಿಗೆ ಹಳೆಯ ಹೋಂಡಾ ಸಿಟಿಯನ್ನೋ ಲ್ಯಾನ್ಸರನ್ನೋ ಮೊದಲ ತಲೆಮಾರಿನ ಆಕ್ಟೇವಿಯಾವನ್ನೋ ತಂದು ನಿಲ್ಲಿಸಿದವರು ಮಿಸ್ತ್ರಿಗೆ ಕೇಳುವ ಮಾತು ಈಗ ಬದಲಾಗಿದೆ. ಮೊದಲೆಲ್ಲ “ಎಷ್ಟಕ್ಕ ಹೋಗ್ತೈತ್ರಿ?” ಎನ್ನುತ್ತಿದ್ದರು. ಈಗ “ಹಿಂಗ ಇಟ್ಕೊಂಡ್ರ ಮುಂದ ರೇಟ್ ಬರ್ತೈತೇನ್ರಿ?” ಎನ್ನುತ್ತಾರೆ.

ಪ್ರಶ್ನೆ ಹುಟ್ಟಿದ್ದಕ್ಕೆ ಕಾರಣವಿದೆ. ಕೇಳುವವರು ಯಮಹಾ ಆರ್‌ಎಕ್ಸ್ 100ರ ಕಥೆಯನ್ನು ಕಣ್ಣಾರೆ ಕಂಡವರು. 1985ರಿಂದ 1996ರವರೆಗೆ ತಯಾರಾದ 98 ಸಿಸಿಯ ಆ ಬೈಕು ಅಪರೂಪದ ಗಾಡಿಯಾಗಿರಲಿಲ್ಲ. ಹಾಲು ಹಾಕುವವರಿಂದ ಕಾಲೇಜು ಹುಡುಗರವರೆಗೆ ಎಲ್ಲರ ಕೈಯಲ್ಲೂ ಓಡಾಡಿತ್ತು. ಇವತ್ತು ಅದೇ ಗಾಡಿ ಒರಿಜಿನಲ್ ಸ್ಥಿತಿಯಲ್ಲಿದ್ದರೆ ಅಂದಿನ ಶೋರೂಂ ಬೆಲೆಯ ಹಲವು ಪಟ್ಟು ಹಣ ಎಣಿಸಬೇಕು. 1983ರಲ್ಲಿ ಬಂದ ರಾಜದೂತ್ 350 ಇನ್ನೊಂದು ಉದಾಹರಣೆ. ಪೆಟ್ರೋಲ್ ಕುಡಿಯುತ್ತದೆ, ಬೆಲೆ ಜಾಸ್ತಿ ಎಂದು ಜನ ಅದನ್ನು ಆಗ ದೂರವಿಟ್ಟರು. ಆ ದಶಕ ಮುಗಿಯುವ ಹೊತ್ತಿಗೆ ಅದರ ತಯಾರಿಕೆಯೂ ನಿಂತಿತು. ಈಗ ಅದನ್ನು ಹುಡುಕಿಕೊಂಡು ಬೇರೆ ರಾಜ್ಯಗಳಿಗೆ ಹೋಗುವವರಿದ್ದಾರೆ. ನಮ್ಮದೇ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾವನ್ನೂ ಆಮೇಲೆ ಯೆಜ್ಡಿಯನ್ನೂ ಮಾಡಿ 1996ರಲ್ಲಿ ಬಾಗಿಲು ಹಾಕಿತು. ಆ ಗಾಡಿಗಳ ಮೇಲಿನ ಪ್ರೀತಿ ಎಷ್ಟು ಗಟ್ಟಿಯಾಗಿತ್ತೆಂದರೆ ಜಾವಾ 2018ರಲ್ಲಿ, ಯೆಜ್ಡಿ 2022ರಲ್ಲಿ ಹೊಸ ಬೈಕುಗಳಾಗಿ ಮರಳಿ ಬಂದವು.

ಹಾಗಾದರೆ ಆರ್‌ಎಕ್ಸ್ 100ಕ್ಕೆ ಆದದ್ದು ಹೋಂಡಾ ಸಿಟಿಗೂ ಆಗಬಾರದೇಕೆ? ಆಗಬಹುದು, ಆದರೆ ಅದೇ ದಾರಿಯಲ್ಲಿ ಆಗಲಾರದು ಎಂಬುದು ನನ್ನ ತಿಳಿವಳಿಕೆ. ಬೈಕನ್ನು ಪಡಸಾಲೆಯ ಮೂಲೆಯಲ್ಲಿ ಗೋಣಿಚೀಲ ಮುಚ್ಚಿ ಇಪ್ಪತ್ತು ವರ್ಷ ನಿಲ್ಲಿಸಬಹುದು. ಅದರ ಇಂಜಿನ್ನನ್ನು ಒಬ್ಬನೇ ಮಿಸ್ತ್ರಿ ಒಂದು ಮಧ್ಯಾಹ್ನದಲ್ಲಿ ಬಿಚ್ಚಿ ಜೋಡಿಸುತ್ತಾನೆ. ಸೆಡಾನಿಗೆ ನಾಲ್ಕು ಮೀಟರಿಗಿಂತ ಉದ್ದದ ಜಾಗ ಬೇಕು, ಮೇಲೆ ಸೂರು ಬೇಕು. ಬೆಳಗಾವಿಯ ಶಹಾಪುರ, ಖಡೇಬಜಾರದ ಓಣಿಗಳಲ್ಲಿ ಮನೆಯವರ ದಿನಬಳಕೆಯ ಗಾಡಿಗೇ ಜಾಗವಿಲ್ಲ. ಹೀಗಾಗಿ ಬೆಲೆ ಬರುವ ದಿನ ಮುಟ್ಟುವ ಮುನ್ನವೇ ಬಹಳಷ್ಟು ಸೆಡಾನುಗಳು ಗುಜರಿ ಸೇರುತ್ತವೆ. ಇದು ಎರಕದ ಕಾರ್ಖಾನೆಗಳ ಊರು. ಗುಜರಿ ಉಕ್ಕು ಇಲ್ಲಿನ ಕುಲುಮೆಗಳಿಗೆ ಕಚ್ಚಾಮಾಲು.

ಯಾವ ಗಾಡಿಗಳ ಬಗ್ಗೆ ಈ ಮಾತು ಎಂದು ಸ್ಪಷ್ಟ ಮಾಡಿಕೊಳ್ಳೋಣ. 1998ರಿಂದ ಮುಂದಿನ ಏಳೆಂಟು ವರ್ಷ ಭಾರತದಲ್ಲಿ ಡಿಕ್ಕಿ ಇರುವ ನಾಲ್ಕು ಬಾಗಿಲಿನ ಪೆಟ್ರೋಲ್ ಕಾರುಗಳಿಗೆ ಒಂದು ಒಳ್ಳೆಯ ಕಾಲ ಬಂದಿತ್ತು. 94 ಅಶ್ವಶಕ್ತಿಯ ಮಾರುತಿ ಬಲೆನೊ, “ಜೋಶ್ ಮಷೀನ್” ಎಂದು ಜಾಹೀರಾತಾದ ಫೋರ್ಡ್ ಐಕಾನ್ 1.6, ತಿರುವಳ್ಳೂರಿನಲ್ಲಿ ಹಿಂದುಸ್ತಾನ್ ಮೋಟರ್ಸ್ ಜೋಡಿಸುತ್ತಿದ್ದ ಮಿತ್ಸುಬಿಷಿ ಲ್ಯಾನ್ಸರ್, ಎಲ್ಲಕ್ಕಿಂತ ಮೇಲೆ 106 ಅಶ್ವಶಕ್ತಿಯ ಹೋಂಡಾ ಸಿಟಿ ವಿಟೆಕ್. ಇವೆಲ್ಲ ಮನೆಮಂದಿಯನ್ನು ಮದುವೆಗೆ ಕರೆದೊಯ್ಯಲು ಕೊಂಡ ಕಾರುಗಳು. ಆದರೆ ಅದೇ ಹೊತ್ತಿಗೆ ಪುಣೆ–ಬೆಂಗಳೂರು ಹೆದ್ದಾರಿ ಚತುಷ್ಪಥವಾಗತೊಡಗಿತು. ಧಾರವಾಡಕ್ಕೋ ಕೊಲ್ಹಾಪುರಕ್ಕೋ ಹೋಗುವಾಗ ಈ ಕಾರುಗಳ ಒಳಗಿನ ಇನ್ನೊಂದು ಗುಣ ಮೊದಲ ಬಾರಿ ಕಾಣಿಸಿತು. ಲಾರಿಗಳ ಹಿಂದೆ ತೆವಳಿಯೇ ಬೆಳೆದ ಒಂದು ತಲೆಮಾರಿಗೆ ತೆರೆದ ರಸ್ತೆಯಲ್ಲಿ ಇಂಜಿನ್ನಿನ ಸದ್ದು ಏರುವುದನ್ನು ಕೇಳಿದ್ದು ದೊಡ್ಡ ಅನುಭವ. ಬೆಲೆಯ ಮಾತಿನಲ್ಲಿ ಈ ನೆನಪನ್ನು ಹಗುರವಾಗಿ ಕಾಣಬಾರದು. ಹದಿನಾರರ ವಯಸ್ಸಿನಲ್ಲಿ ಆಸೆಪಟ್ಟು ಕೊಳ್ಳಲಾಗದ ಕಾರನ್ನು ಮನುಷ್ಯ ನಲವತ್ತೈದರಲ್ಲಿ, ಕೈಯಲ್ಲಿ ದುಡ್ಡು ಬಂದಾಗ, ಹುಡುಕುತ್ತಾನೆ. ಪ್ರಪಂಚದ ಹಳೆಯ ಕಾರುಗಳ ಪೇಟೆ ಬಹುಮಟ್ಟಿಗೆ ಈ ಲೆಕ್ಕದ ಮೇಲೆಯೇ ನಡೆಯುತ್ತದೆ. 2001ರಲ್ಲಿ ಬೆಳಗಾವಿಯ ಕಾಲೇಜುಗಳಲ್ಲಿ ಓದುತ್ತಿದ್ದವರು ಈಗ ಆ ವಯಸ್ಸಿಗೆ ಬರುತ್ತಿದ್ದಾರೆ.

ವಿಟೆಕ್‌ನ ಹೆಸರು ಇಂದಿಗೂ ಉಳಿದಿರುವುದಕ್ಕೆ ತಾಂತ್ರಿಕ ಕಾರಣವಿದೆ. ಸಾಮಾನ್ಯ ಓಟದಲ್ಲಿ ಆ ಇಂಜಿನ್ನಿನ ವಾಲ್ವುಗಳು ಹದವಾಗಿ ತೆರೆಯುತ್ತವೆ, ಅವರೇಜ್ ಸಿಗುತ್ತದೆ. ಇಂಜಿನ್ ವೇಗ ಏರಿದಾಗ ಆಯಿಲ್ ಒತ್ತಡದಿಂದ ಒಂದು ಪಿನ್ ಸರಿದು ರಾಕರ್ ಆರ್ಮುಗಳನ್ನು ಒಂದಕ್ಕೊಂದು ಬಿಗಿಯುತ್ತದೆ. ಆಗ ಕ್ಯಾಮ್‌ಶಾಫ್ಟಿನ ದೊಡ್ಡ ಉಬ್ಬು ಕೆಲಸಕ್ಕಿಳಿದು ವಾಲ್ವುಗಳನ್ನು ಹೆಚ್ಚು ಹೊತ್ತು, ಹೆಚ್ಚು ಅಗಲ ತೆರೆದಿಡುತ್ತದೆ. ಒಂದೇ ಇಂಜಿನ್ನಿನಲ್ಲಿ ಎರಡು ಸ್ವಭಾವ. 2003ರಲ್ಲಿ ಬಂದ ಹೊಸ ಸಿಟಿಯ ಇಂಜಿನ್ 77 ಅಶ್ವಶಕ್ತಿಯದ್ದಾಗಿತ್ತು. ಮೈಲೇಜ್ ಕೇಳುತ್ತಿದ್ದ ಕುಟುಂಬಗಳಿಗೆ ಅದೇ ಸರಿ ಎನಿಸಿತು, ಹಳೆಯದನ್ನು ಬಲ್ಲವರಿಗೆ ಮಾತ್ರ ಕೊರತೆ ತಿಳಿಯಿತು. ಇಲ್ಲಿ ಆರ್‌ಎಕ್ಸ್ 100ರ ಜೊತೆ ನಿಜವಾದ ಹೋಲಿಕೆಯೊಂದು ಸಿಗುತ್ತದೆ. ಆ ಬೈಕಿನ ಟೂ ಸ್ಟ್ರೋಕ್ ಇಂಜಿನ್ನನ್ನು ಹೊಗೆಯ ನಿಯಮಗಳು ಮುಗಿಸಿದವು, ಅದನ್ನು ಯಾರೂ ಮತ್ತೆ ಮೊದಲಿನಂತೆ ತಯಾರಿಸಲಾರರು. ಟರ್ಬೋ ಇಲ್ಲದೆ ಏಳು ಸಾವಿರ ಆರ್‌ಪಿಎಂ ಹತ್ತಿರಕ್ಕೆ ಏರುವ, ಕೈಯಿಂದ ಗೇರ್ ಹಾಕುವ, ಹಗುರ ಮೈಯ ಪೆಟ್ರೋಲ್ ಸೆಡಾನ್ ಕೂಡ ಇನ್ನು ಹುಟ್ಟುವುದು ಕಷ್ಟ. ಸುರಕ್ಷತೆಯ ನಿಯಮಗಳು ಕಾರಿನ ತೂಕ ಹೆಚ್ಚಿಸಿವೆ, ಬಿಎಸ್–6 ಬಂದ ಮೇಲೆ ಇಂಜಿನ್ನುಗಳ ರೀತಿಯೇ ಬದಲಾಗಿದೆ. ಮುಂದೆ ಬೆಲೆ ಬರುವುದಿದ್ದರೆ ಈ ಕಾರಣಕ್ಕೆ ಬರುತ್ತದೆ, ಹಳೆಯದು ಎಂಬ ಒಂದೇ ಕಾರಣಕ್ಕಲ್ಲ.

ಲ್ಯಾನ್ಸರಿನ ಕಥೆ ಸ್ವಲ್ಪ ಬೇರೆ. ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್‌ನಲ್ಲಿ ಫಿನ್ಲೆಂಡಿನ ಟೊಮ್ಮಿ ಮ್ಯಾಕಿನೆನ್ 1996ರಿಂದ 1999ರವರೆಗೆ ಸತತ ನಾಲ್ಕು ಬಾರಿ ಗೆದ್ದದ್ದು ಲ್ಯಾನ್ಸರ್ ಇವೊಲ್ಯೂಷನ್ ಓಡಿಸಿ. ಸ್ಪರ್ಧೆಗಿಳಿಯುವ ಕಾರನ್ನು ಇಂತಿಷ್ಟು ಸಂಖ್ಯೆಯಲ್ಲಿ ಸಾಮಾನ್ಯರಿಗೂ ಮಾರಲೇಬೇಕು ಎಂಬ ನಿಯಮ ಆಗ ಇತ್ತು. ಅದರಿಂದಾಗಿ ಎರಡು ಲೀಟರ್ ಟರ್ಬೋ, ನಾಲ್ಕೂ ಗಾಲಿಗೆ ಶಕ್ತಿ ಇರುವ ಒಂದು ನಾಲ್ಕು ಬಾಗಿಲಿನ ಕಾರು ಅಂಗಡಿಗೆ ಬಂತು. ಇವತ್ತು ಅದು ಸಂಗ್ರಾಹಕರ ಕಾರು. ಜರ್ಮನಿಯ ಟೂರಿಂಗ್ ಕಾರ್ ಓಟಕ್ಕಾಗಿ 1990ರಲ್ಲಿ ಕೇವಲ 502 ಸಂಖ್ಯೆಯಲ್ಲಿ ತಯಾರಾದ ಮರ್ಸಿಡಿಸ್ 190ಇ ಇವೊಲ್ಯೂಷನ್ 2 ಕೂಡ ಮೈಕಟ್ಟಿನಲ್ಲಿ ಒಂದು ಸಾಧಾರಣ ಸೆಡಾನೇ. ನಮ್ಮಲ್ಲಿ 1998ರಲ್ಲಿ ಬಂದ ಲ್ಯಾನ್ಸರಿಗೆ ಇವೊಲ್ಯೂಷನ್‌ನ ಅದೇ ಪೀಳಿಗೆಯ ಮೈ ಇತ್ತು, ಒಳಗೆ ಮಾತ್ರ 87 ಅಶ್ವಶಕ್ತಿಯ ಒಂದೂವರೆ ಲೀಟರ್ ಇಂಜಿನ್. ಅದಕ್ಕೆ ದೊಡ್ಡ ರೆಕ್ಕೆ, ಅಗಲ ಬಂಪರ್, ಬಾನೆಟ್ಟಿಗೆ ಗಾಳಿಯ ಕಿಂಡಿ ಕೂರಿಸಿ ಇವೊಲ್ಯೂಷನ್ ಮಾಡಲು ಹೊರಟವರು ಊರೂರಲ್ಲಿದ್ದರು. ಆಸೆ ಅರ್ಥವಾಗುತ್ತದೆ. ಆದರೆ ಸಂಗ್ರಹದ ದೃಷ್ಟಿಯಿಂದ ಅದು ತುಂಬಲಾರದ ನಷ್ಟ. ಮೂಲ ಬಂಪರು, ಮೂಲ ವೀಲು, ಮೂಲ ಸ್ಟೀರಿಂಗು ಇರುವ, ಪೇಂಟ್ ಮಾಸಿದ ಒಂದು ಬಿಳಿ ಲ್ಯಾನ್ಸರ್ ಮುಂದಿನ ದಿನಗಳಲ್ಲಿ ಅಂಥ ಹತ್ತು ಅಲಂಕೃತ ಲ್ಯಾನ್ಸರುಗಳಿಗಿಂತ ಹೆಚ್ಚು ಬಾಳುತ್ತದೆ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಕಾನೂನೂ ಇದೇ ಕಡೆಗಿದೆ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ.

ಇನ್ನು ಕಂಪನಿಯೇ ಎಣಿಸಿ ಮಾರುವ ಕಾರುಗಳಿವೆ. ಸ್ಕೋಡಾ 2004ರಲ್ಲಿ ಭಾರತಕ್ಕೆ ತಂದ ಆಕ್ಟೇವಿಯಾ ಆರ್‌ಎಸ್‌ನಲ್ಲಿ 150 ಅಶ್ವಶಕ್ತಿಯ 1.8 ಲೀಟರ್ ಟರ್ಬೋ ಇತ್ತು, ಒಂದೊಂದು ಸಿಲಿಂಡರಿಗೆ ಐದೈದು ವಾಲ್ವು. ಇಲ್ಲಿ ಟರ್ಬೋ ಪೆಟ್ರೋಲ್ ಎಂದರೆ ಯಾರಿಗೂ ಗೊತ್ತಿಲ್ಲದ ಕಾಲ ಅದು. 2017ರ ಆರ್‌ಎಸ್ 230 ಬಂದಾಗ ಮೊದಲ ಕಂತಿಗೆ 500 ಕಾರು. 2020ರ ಆರ್‌ಎಸ್ 245 ಇಡೀ ದೇಶಕ್ಕೆ 200. 2025ರ ಅಕ್ಟೋಬರಿನಲ್ಲಿ ಬಂದ 265 ಅಶ್ವಶಕ್ತಿಯ ಆರ್‌ಎಸ್ ಬರೀ 100, ಬೆಲೆ 49.99 ಲಕ್ಷ ರೂಪಾಯಿ. ಇವು ಸಂಗ್ರಹಕ್ಕೆ ಸೇರುವುದರಲ್ಲಿ ಅನುಮಾನವಿಲ್ಲ. ಆದರೆ ಕೊಂಡ ದಿನವೇ ಎಲ್ಲರಿಗೂ ಇದು ಅಪರೂಪ ಎಂದು ಗೊತ್ತಿದ್ದರೆ ಎಲ್ಲರೂ ಜೋಪಾನ ಮಾಡುತ್ತಾರೆ, ಮೂವತ್ತು ವರ್ಷದ ಬಳಿಕ ನೂರರಲ್ಲಿ ತೊಂಬತ್ತು ಉಳಿದಿರುತ್ತವೆ. ಬೆಲೆ ಕುಸಿಯಲಾರದು, ಹಾಗೆಂದು ಆಕಾಶಕ್ಕೂ ಏರಲಾರದು. ರಾಜದೂತ್ 350 ಏರಿದ್ದು ಜನ ಅದನ್ನು ಕಡೆಗಣಿಸಿ ಕಳೆದುಕೊಂಡದ್ದರಿಂದ. ಆ ಲೆಕ್ಕದಲ್ಲಿ ನೂರು ಆರ್‌ಎಸ್‌ಗಳಿಗಿಂತ ನನ್ನ ಕುತೂಹಲ 2010ರ ಫಿಯಟ್ ಲೀನಿಯಾ ಟಿ-ಜೆಟ್ ಮೇಲಿದೆ. ರಾಂಜಣಗಾವದಲ್ಲಿ ತಯಾರಾದ ಆ 1.4 ಲೀಟರ್ ಟರ್ಬೋ ಕಾರನ್ನು ಓಡಿಸಿದವರು ಹೊಗಳಿದರು, ಕೊಂಡವರು ಕೆಲವರೇ.

ಈಗ ಬೆಳಗಾವಿಯ ಕೈಗುಣದ ವಿಷಯಕ್ಕೆ ಬರೋಣ, ಏಕೆಂದರೆ ಹಳೆಯ ಕಾರಿನ ಬೆಲೆಯನ್ನು ನಿಜವಾಗಿ ಹಿಡಿದು ನಿಲ್ಲಿಸುವುದು ರಿಪೇರಿ. ಓಡದ ಕಾರಿಗೆ ಗುಜರಿಯ ರೇಟು, ಓಡುವ ಕಾರಿಗೆ ಮಾತ್ರ ಆಸೆಯ ರೇಟು. ಉದ್ಯಮಬಾಗ ಮತ್ತು ಮಚ್ಛೆಯ ಕಡೆ ಎರಕ, ಲೇಥು, ಗ್ರೈಂಡಿಂಗ್, ಹೈಡ್ರಾಲಿಕ್ಸ್ ಬಲ್ಲ ಕೈಗಳಿಗೆ ಬರವಿಲ್ಲ. ಪ್ರೀಮಿಯರ್ ಪದ್ಮಿನಿಗೋ ಕಾಂಟೆಸ್ಸಾಗೋ ಒಂದು ಬುಷ್, ಒಂದು ಪಿನ್, ಬ್ರೇಕಿನ ಸಿಲಿಂಡರಿನ ಸ್ಲೀವ್ ಬೇಕೆಂದರೆ ಹಳೆಯದನ್ನು ಕೊಟ್ಟರೆ ಸಾಕು, ಅದನ್ನೇ ಅಳತೆಗಿಟ್ಟು ಹೊಸದು ಮಾಡಿಕೊಡುತ್ತಾರೆ. ಸಿಟಿ ವಿಟೆಕ್‌ವರೆಗೂ ಇದು ಮುಕ್ಕಾಲುಪಾಲು ನಡೆಯುತ್ತದೆ. ಆಮೇಲಿನ ಕಾರುಗಳಲ್ಲಿ ಕಷ್ಟ ಶುರು. ಕಬ್ಬಿಣದ ಭಾಗವನ್ನು ಈ ಊರು ಮಾಡಬಲ್ಲದು, ಇಂಜಿನ್ ನಿಯಂತ್ರಿಸುವ ಇಸಿಎಂ ಪೆಟ್ಟಿಗೆಯನ್ನೂ ಎಬಿಎಸ್ ಘಟಕವನ್ನೂ ಮಾಡಲಾರದು. ಹೆಡ್‌ಲೈಟಿನ ಪ್ಲಾಸ್ಟಿಕ್ಕು, ಬಾಗಿಲಿನ ರಬ್ಬರು, ಡ್ಯಾಶ್‌ಬೋರ್ಡಿನ ತೆಳು ತುಂಡು ಇವೆಲ್ಲ ಅಚ್ಚಿನ ಮಾಲು. ಅಚ್ಚು ಕಂಪನಿಯ ಹತ್ತಿರ, ಕಂಪನಿ ಅದನ್ನು ನಿಲ್ಲಿಸಿ ವರ್ಷಗಳಾಗಿವೆ. ಫೋರ್ಡ್, ಫಿಯಟ್, ಮಿತ್ಸುಬಿಷಿಯ ಕಾರುಗಳು ಈಗ ನಮ್ಮಲ್ಲಿ ತಯಾರಾಗುವುದೇ ಇಲ್ಲ. ಒಂದು ಸೆಡಾನ್ ಸಂಗ್ರಹಯೋಗ್ಯ ಆಗುತ್ತದೋ ಇಲ್ಲವೋ ಎಂಬುದು ಕೊನೆಗೆ ಇಂಥ ನೂರು ರೂಪಾಯಿಯ ರಬ್ಬರು ಸಿಗುತ್ತದೋ ಇಲ್ಲವೋ ಎಂಬುದರ ಮೇಲೆ ನಿಲ್ಲುತ್ತದೆ. ಜಾವಾ, ಯೆಜ್ಡಿ ಬದುಕಿದ್ದು ಮೈಸೂರಿನ ಕಾರ್ಖಾನೆ ಮುಚ್ಚಿದ ಮೇಲೂ ಬಿಡಿಭಾಗ ಮಾಡುವವರು, ಹಂಚಿಕೊಳ್ಳುವವರು ಉಳಿದದ್ದರಿಂದ. ಸೆಡಾನುಗಳಿಗೆ ಅಂಥ ಬಳಗ ಇನ್ನೂ ಚಿಕ್ಕದು.

ಬೆಳಗಾವಿಯಿಂದ ಇಪ್ಪತ್ತೈದು ಕಿಲೋಮೀಟರ್ ಆಚೆ ಖಾನಾಪುರಕ್ಕೆ ಹೋದರೆ ಇನ್ನೊಂದು ಸತ್ಯ ಎದುರಾಗುತ್ತದೆ. ಮಲಪ್ರಭಾ ಹುಟ್ಟುವ ಕಣಕುಂಬಿ, ಜಾಂಬೋಟಿ, ಲೋಂಡಾದ ಕಡೆ ಮಳೆಗಾಲವೆಂದರೆ ನಾಲ್ಕು ತಿಂಗಳ ತೇವ. ತಾಲ್ಲೂಕಿನಲ್ಲಿ ಜೀಪು, ಬೊಲೆರೊ ಕಂಡಷ್ಟು ಸೆಡಾನ್ ಕಾಣದಿರುವುದಕ್ಕೆ ರಸ್ತೆ ಒಂದು ಕಾರಣ, ಈ ತೇವ ಇನ್ನೊಂದು. ಆ ಕಾಲದ ಸಿಟಿಗೆ ಹಿಂದಿನ ಗಾಲಿಯ ಮೇಲಿನ ಕಮಾನು ಬೇಗ ತುಕ್ಕು ಹಿಡಿಯುತ್ತದೆ. ಒಳಗಿನಿಂದ ತಿನ್ನುತ್ತದೆ, ಪೇಂಟ್ ಉಬ್ಬುವ ಹೊತ್ತಿಗೆ ತಗಡು ಹೋಗಿರುತ್ತದೆ. ಗೋವಾದಿಂದ ಕಡಿಮೆ ಬೆಲೆಗೆ ಗಾಡಿ ತರುವವರು ಇದನ್ನು ಎರಡು ಸಲ ನೋಡಬೇಕು. ಸಮುದ್ರದ ಉಪ್ಪುಗಾಳಿ ತಿಂದ ತಗಡು ಚೋರ್ಲಾ ಘಟ್ಟ ಹತ್ತಿ ಬಂದು ಇಲ್ಲಿನ ಮಳೆಗೆ ನಿಂತರೆ ಬಹಳ ದಿನ ತಾಳುವುದಿಲ್ಲ. ಮೇಲಾಗಿ ಎನ್‌ಒಸಿ ತಂದು ಕೆಎ–22 ಪಾಸಿಂಗ್ ಮಾಡಿಸಲು ಕರ್ನಾಟಕದ ಆಜೀವ ತೆರಿಗೆ ಕಟ್ಟಬೇಕು. ಅಗ್ಗದಲ್ಲಿ ಕೊಂಡದ್ದು ಅಲ್ಲಿಗೆ ಸಮನಾಗುತ್ತದೆ.

ತೇವದ ಜೊತೆ ಈಗ ಇಂಧನವೂ ಸೇರಿದೆ. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಬೆರೆಯಿತು. ಸಕ್ಕರೆ ಕಾರ್ಖಾನೆಗಳ ಜಿಲ್ಲೆಯಾದ ಬೆಳಗಾವಿಗೆ ಇದರಿಂದ ಲಾಭವಿದೆ, ಕಬ್ಬು ಬೆಳೆಗಾರನ ಬಿಲ್ಲಿಗೂ ಇದು ಆಸರೆ. ಅದನ್ನು ನಾನು ಸ್ವಾಗತಿಸುತ್ತೇನೆ. ಆದರೆ 2001ರ ಕಾರಿನ ರಬ್ಬರ್ ಪೈಪು, ಸೀಲುಗಳನ್ನು ಈ ಮಿಶ್ರಣಕ್ಕಾಗಿ ಮಾಡಿರಲಿಲ್ಲ. ಎಥನಾಲ್ ಗಾಳಿಯ ತೇವವನ್ನೂ ಹೀರುತ್ತದೆ. ದಿನಾ ಓಡುವ ಗಾಡಿಗೆ ಇದು ಅಷ್ಟು ದೊಡ್ಡ ತೊಂದರೆಯಲ್ಲ, ಟ್ಯಾಂಕ್ ಖಾಲಿಯಾಗುತ್ತಲೇ ಇರುತ್ತದೆ. ಬೆಲೆ ಬರಲಿ ಎಂದು ಮಳೆಗಾಲವಿಡೀ ಮುಚ್ಚಿಟ್ಟ ಗಾಡಿಗೇ ಹೆಚ್ಚು ತೊಂದರೆ. ಓಡಿಸದೆ ಇಟ್ಟರೆ ಉಳಿಯುತ್ತದೆ ಎಂಬ ನಂಬಿಕೆ ಇಲ್ಲಿ ತಲೆಕೆಳಗಾಗುತ್ತದೆ. ಹಳೆಯ ಸೆಡಾನ್ ಉಳಿಯಬೇಕಾದರೆ ವಾರಕ್ಕೊಮ್ಮೆ ಇಂಜಿನ್ ಪೂರ್ತಿ ಬಿಸಿಯಾಗುವಷ್ಟು ಓಡಬೇಕು. ಬೆಳಗಾವಿ–ಖಾನಾಪುರದ ಒಂದು ಹೋಗಿಬರುವ ದಾರಿ ಅದಕ್ಕೆ ಹೇಳಿಮಾಡಿಸಿದಂತಿದೆ.

ದುಡ್ಡಿನ ಲೆಕ್ಕವನ್ನೂ ಮುಚ್ಚಿಡುವುದು ಬೇಡ. 2001ರಲ್ಲಿ ಎಂಟು ಲಕ್ಷ ರೂಪಾಯಿಯನ್ನು ಕಾರಿಗೆ ಹಾಕದೆ ವರ್ಷಕ್ಕೆ ಶೇ 7ರ ಚಕ್ರಬಡ್ಡಿಗೆ ಇಟ್ಟಿದ್ದರೆ 24 ವರ್ಷಕ್ಕೆ ಅದು ನಲವತ್ತು ಲಕ್ಷ ದಾಟುತ್ತಿತ್ತು. ಇದರ ಮೇಲೆ ಟೈರು, ಬ್ಯಾಟರಿ, ಟೈಮಿಂಗ್ ಬೆಲ್ಟು, ಡೆಂಟಿಂಗ್–ಪೇಂಟಿಂಗ್, ವಿಮೆ, ಶೆಡ್ಡು. ಯಾವ ಸಿಟಿಯೂ ಯಾವ ಲ್ಯಾನ್ಸರೂ ಈ ಲೆಕ್ಕಕ್ಕೆ ಸಮ ಬರುವುದಿಲ್ಲ. ವಿಮೆಯದ್ದೂ ಅಷ್ಟೆ. ಐದು ವರ್ಷ ದಾಟಿದ ಗಾಡಿಯ ಮೌಲ್ಯವನ್ನು ಕಂಪನಿ ಮತ್ತು ಮಾಲೀಕ ಮಾತಾಡಿ ಗೊತ್ತುಮಾಡಬೇಕು, ಇಪ್ಪತ್ತೈದು ವರ್ಷದ ಕಾರಿಗೆ ಸಿಗುವುದು ಬಹುಪಾಲು ಥರ್ಡ್ ಪಾರ್ಟಿ ವಿಮೆ ಮಾತ್ರ. ಮಳೆಗೆ ಗೋಡೆ ಬಿದ್ದು ಕಾರು ನಜ್ಜುಗುಜ್ಜಾದರೆ ಕೈಗೆ ಏನೂ ಬರುವುದಿಲ್ಲ. ಹೂಡಿಕೆ ಎಂದು ಯಾರಾದರೂ ಹಳೆಯ ಸೆಡಾನ್ ಮಾರಲು ಬಂದರೆ ನಂಬಬೇಡಿ. ಓಡಿಸುವ ಸುಖಕ್ಕೆ ಕೊಂಡು, ಅದರ ಜೊತೆಗೆ ಮುಂದೊಂದು ದಿನ ಬೆಲೆಯೂ ಬಂದರೆ ಬರಲಿ ಎನ್ನುವವರಿಗೆ ಮಾತ್ರ ಇದು ಸರಿಯಾದ ವ್ಯವಹಾರ.

ಎಲ್ಲಕ್ಕಿಂತ ದೊಡ್ಡ ಅಡ್ಡಿ ಕಾಗದದಲ್ಲಿದೆ, ಮತ್ತು ಅದು ಸರಿಪಡಿಸಬಹುದಾದ ಅಡ್ಡಿ. ನಮ್ಮಲ್ಲಿ ಖಾಸಗಿ ಕಾರಿನ ಆರ್‌ಸಿ ಮೊದಲು 15 ವರ್ಷ ನಡೆಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2022ರ ಏಪ್ರಿಲ್‌ನಿಂದ ನವೀಕರಣದ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳಿಗೆ ಅದನ್ನು 10,000 ಮಾಡಲಾಯಿತು. ಹಸಿರು ತೆರಿಗೆ ಬೇರೆ. ಇತ್ತ 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಹೆಚ್ಚು ಬದಲಾವಣೆ ಆಗದ ಗಾಡಿಗೆ ‘ವಿಎ’ ಅಕ್ಷರವಿರುವ ಸಂಖ್ಯೆ, 20,000 ರೂಪಾಯಿ ಶುಲ್ಕ, ಹತ್ತು ವರ್ಷದ ನೋಂದಣಿ. ಒಳ್ಳೆಯ ನಿಯಮ. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಕೂಡಿಸಿದಂಥ, ಶ್ರೀರಂಗಪಟ್ಟಣದ ಹತ್ತಿರದ ‘ಪಯಣ’ ಸಂಗ್ರಹಾಲಯದಲ್ಲಿ ನಾವು ನೋಡಿ ಬೆರಗಾಗುವಂಥ ಕಾರುಗಳಿಗೆ ಇದರಿಂದ ಗೌರವದ ಸ್ಥಾನ ಸಿಕ್ಕಿದೆ. ಆದರೆ ಹದಿನೈದಕ್ಕೂ ಐವತ್ತಕ್ಕೂ ನಡುವೆ ಮೂವತ್ತೈದು ವರ್ಷಗಳ ಕಂದಕವಿದೆ. ಅಲ್ಲಿ ಬಿದ್ದ ಗಾಡಿಗೆ ಕಾನೂನಿನ ಕಣ್ಣಲ್ಲಿ ಒಂದೇ ಹೆಸರು, ಹಳೆಯದು. 2001ರಲ್ಲಿ ನೋಂದಣಿಯಾದ ಸಿಟಿ ವಿಟೆಕ್ ವಿಂಟೇಜ್ ಆಗುವುದು 2051ರಲ್ಲಿ. ಅಷ್ಟರೊಳಗೆ ಅದು ಏಳು ಸಲ ಆರ್‌ಟಿಒ ಬಾಗಿಲಲ್ಲಿ ನಿಲ್ಲಬೇಕು.

ಹೊರದೇಶಗಳಲ್ಲಿ ಈ ಕಂದಕವನ್ನು ತುಂಬಿದ್ದಾರೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫೀವಾ 30 ವರ್ಷ ದಾಟಿ ಮೂಲ ಸ್ಥಿತಿ ಉಳಿಸಿಕೊಂಡ ಗಾಡಿಯನ್ನು ಐತಿಹಾಸಿಕ ಎಂದು ಒಪ್ಪುತ್ತದೆ. ಜರ್ಮನಿಯಲ್ಲಿ 30 ವರ್ಷಕ್ಕೇ ಕೊನೆಯಲ್ಲಿ ಎಚ್ ಅಕ್ಷರವಿರುವ ನಂಬರ್ ಪ್ಲೇಟು ಸಿಗುತ್ತದೆ, ಬ್ರಿಟನ್ನಿನಲ್ಲಿ 40 ದಾಟಿದ ಗಾಡಿಗೆ ರಸ್ತೆ ತೆರಿಗೆ ಇಲ್ಲ. ಹೊಗೆ ಉಗುಳುವ ಹಳೆಯ ಲಾರಿ, ಟ್ಯಾಕ್ಸಿಗಳು ರಸ್ತೆಯಿಂದ ಹೋಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ವರ್ಷಕ್ಕೆ ಎರಡು ಮೂರು ಸಾವಿರ ಕಿಲೋಮೀಟರ್ ಓಡುವ, ಹೊಗೆ ತಪಾಸಣೆಯಲ್ಲಿ ಗೆಲ್ಲುವ, ಬಂದಂತೆಯೇ ಉಳಿದ ಗಾಡಿಗೆ ಮೂವತ್ತನೇ ವರ್ಷಕ್ಕೆ ಒಂದು ‘ಕ್ಲಾಸಿಕ್’ ದರ್ಜೆ ಕೊಟ್ಟರೆ ಗಾಳಿಗೆ ಏನೂ ಕೇಡಾಗದು. ಕಾಲಕ್ಕೆ ಸರಿಯಾಗಿ ಅದು ಬಂದರೆ 1998ರ ಮೊದಲ ಸಿಟಿಗಳು, ಲ್ಯಾನ್ಸರುಗಳು 2028ಕ್ಕೆ ಅದರ ನೆರಳಿಗೆ ಬರುತ್ತವೆ.

ಕಾರುಗಳನ್ನು ಹೆಸರಿಸಿ ಹೇಳೆಂದರೆ ಹೀಗೆ ಹೇಳುತ್ತೇನೆ. ಸಿಟಿ ವಿಟೆಕ್ ಬೆಲೆ ಪಡೆಯುತ್ತದೆ, ನಿಧಾನವಾಗಿ, ಬಲ್ಲವರ ನಡುವೆ. 2004ರ ಆಕ್ಟೇವಿಯಾ ಆರ್‌ಎಸ್ ಅದಕ್ಕಿಂತ ಮೇಲೆ ಹೋಗಬಹುದು, ಅದರ ವಿದ್ಯುನ್ಮಾನ ಭಾಗಗಳನ್ನು ಜೀವಂತ ಇಡಬಲ್ಲವರು ಸಿಕ್ಕರೆ. ಲೀನಿಯಾ ಟಿ-ಜೆಟ್ ಕಡೆ ಕಣ್ಣಿಟ್ಟಿರಿ. ಐಕಾನ್, ಬಲೆನೊಗಳು ಪ್ರೀತಿ ಗಳಿಸುತ್ತವೆ, ದುಡ್ಡು ಗಳಿಸುವುದು ಅನುಮಾನ. ಇಂದಿನ ಟರ್ಬೋ ಸೆಡಾನುಗಳು ಡ್ಯಾಶ್‌ಬೋರ್ಡಿನ ಪರದೆ ಸತ್ತ ದಿನ ತಾವೂ ಸಾಯುತ್ತವೆ. ಈ ಹಳೆಯ ಸೆಡಾನುಗಳಲ್ಲಿ ಒಂದು ನಿಮ್ಮ ಮನೆಯಲ್ಲಿದ್ದು, ಸಿಂಗಲ್ ಓನರ್ ಆಗಿದ್ದರೆ, ಖರೀದಿ ಬಿಲ್ಲು, ಸರ್ವಿಸ್ ಪುಸ್ತಕ, ಎರಡನೇ ಕೀಲಿ ಇವನ್ನು ಆರ್‌ಸಿಯ ಜೊತೆ ಒಂದು ಫೈಲಿಗೆ ಹಾಕಿಡಿ. ಕಳಚಿದ ಮೂಲ ಭಾಗ ಎಷ್ಟು ಕೆಟ್ಟಿದ್ದರೂ ಗುಜರಿಗೆ ಕೊಡಬೇಡಿ, ಇನ್ನೊಂದನ್ನು ಮಾಡಲು ಅದೇ ಅಳತೆ. ಜೂನ್ ಬರುವ ಮೊದಲು ಇಂಧನದ ರಬ್ಬರ್ ಪೈಪುಗಳನ್ನು ಎಥನಾಲ್ ತಾಳುವ ಹೊಸ ಪೈಪಿಗೆ ಬದಲಿಸಿ, ಹಿಂದಿನ ಗಾಲಿಯ ಕಮಾನಿನೊಳಗೆ ಕೈ ಹಾಕಿ ತಗಡು ತಡವಿ ನೋಡಿ.